ಅಪ್ಪ ಮಾತ್ರ ಬರಲಿ

ಗಾಜಿನ ಮೇಲೆ ಗೆರೆ ಎಳೆಯುವಾಗ ಉಸಿರು ಹಿಡಿಯಬಾರದು. ಅದು ತನ್ನ ಪಾಡಿಗೆ ಬಂದು ಹೋಗುತ್ತಿರಬೇಕು, ಕೈ ಮಾತ್ರ ಒಂದೇ ಒತ್ತಡದಲ್ಲಿ ಈ ತುದಿಯಿಂದ ಆ ತುದಿಗೆ ಸಾಗಬೇಕು. ನಡುವೆ ತಡೆದರೆ ಗಾಜು ತನಗೆ ತೋಚಿದ ಕಡೆ ಒಡೆಯುತ್ತದೆ. ಅರ್ಧ ಆಯುಷ್ಯ ಮಾಡಿದ ಕೆಲಸ. ಆದರೂ ಆ ಮಧ್ಯಾಹ್ನ ಅವನ ಕೈ ನಡುವೆ ನಿಂತಿತು. ಯಾರದೋ ಬಚ್ಚಲುಮನೆಗೆ ಹೋಗಬೇಕಿದ್ದ ಕನ್ನಡಿ ಮೂಲೆಯಿಂದ ಓರೆಯಾಗಿ ಸೀಳಿ ಎರಡಾಯಿತು. ಅಂಗಡಿಯ ಮಾಲೀಕ ತಲೆಯೆತ್ತಿ ನೋಡಿದ, ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಅವನಿಗೆ ಚುಚ್ಚಿತು. ಈಚೆಗೆ ಯಾರೂ ಅವನಿಗೆ ಏನೂ ಅನ್ನುವುದಿಲ್ಲ. ಕಾಯಿಲೆಯವರ ಮನೆಯವರ ಹತ್ತಿರ ಮಾತಾಡುವ ಹಾಗೆ ದನಿ ತಗ್ಗಿಸುತ್ತಾರೆ. ಮೊದಲಾದರೆ ತಮಾಷೆ ಮಾಡುತ್ತಿದ್ದರು. ಮಗಳು ಮೆಣಸು ಮನೆಯ ಕಿಟಕಿಯ ಗಾಜನ್ನು ಮೊದಲ ಸಲ ಒಡೆದಾಗ ಎದುರುಮನೆಯ ಮೇಷ್ಟ್ರು, “ಗಾಜಿನಂಗಡಿಯವನ ಮಗಳಲ್ವೇನಯ್ಯಾ, ಅಪ್ಪಂಗೆ ವ್ಯಾಪಾರ ಕುದುರಿಸ್ತಿದ್ದಾಳೆ” ಅಂದಿದ್ದರು. ಅವನೂ ನಕ್ಕಿದ್ದ. ಎರಡನೆಯ ಸಲ ಅವಳ ಅಂಗೈ ಸೀಳಿ ರಕ್ತ ಮೆಟ್ಟಿಲಿನವರೆಗೂ ತೊಟ್ಟಿಕ್ಕಿದಾಗ ಯಾರಿಗೂ ನಗು ಬರಲಿಲ್ಲ. ಆಮೇಲೆ ಅವನೇ ಮನೆಯ ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಕೂರಿಸಿದ. ಅದರ ಮೂಲಕ ಹೊರಗಿನದೆಲ್ಲ ಕದಡಿದ ನೀರಿನೊಳಗೆ ಕಂಡ ಹಾಗೆ ಕಾಣುತ್ತದೆ.

ಮೆಣಸು ಅವನೇ ಇಟ್ಟ ಹೆಸರು. ಹುಟ್ಟಿದಾಗ ಕೆಂಪಗೆ, ಅಂಗೈಗಿಂತ ಒಂಚೂರು ದೊಡ್ಡವಳಾಗಿದ್ದಳು. ಮುದ್ದಿಗೆ ಕರೆದದ್ದು ಮನೆಯ ಹೆಸರಾಗಿ ನಿಂತಿತು. ಈಗ ಅವಳಿಗೆ ಎಂಟು ವರ್ಷ, ಮತ್ತು ಯಾರೇ ಕೇಳಲಿ, “ಹೆಸರಿಗೆ ತಕ್ಕ ಹಾಗೆ” ಅನ್ನುತ್ತಾರೆ. ಆ ಹೆಸರೇ ಅವಳ ತಲೆಯ ಮೇಲೆ ಕೂತು ಖಾರ ಅರೆಯುತ್ತಿದೆಯೋ ಏನೋ ಎಂದು ಅವನಿಗೆ ಒಮ್ಮೊಮ್ಮೆ ಅನಿಸುತ್ತದೆ. ಸಿಟ್ಟು ಬಂದರೆ ಅವಳು ಅವಳಾಗಿರುವುದಿಲ್ಲ. ಕಚ್ಚುತ್ತಾಳೆ, ಗೋಡೆಗೆ ತಲೆ ಹೊಡೆದುಕೊಳ್ಳುತ್ತಾಳೆ, ಕೈಗೆ ಸಿಕ್ಕಿದ್ದು ಎಸೆಯುತ್ತಾಳೆ, ಆಮೇಲೆ ಒಗೆದು ಹಿಂಡಿದ ಬಟ್ಟೆಯ ಹಾಗೆ ಅಮ್ಮನ ಮಡಿಲಲ್ಲಿ ಬಿದ್ದು ನಿದ್ದೆ ಹೋಗುತ್ತಾಳೆ. ಅಮ್ಮನ ಮಡಿಲು ಎನ್ನುವುದು ಸರಿಯೇ, ಏಕೆಂದರೆ ಅವನು ಅಲ್ಲಿರುವುದಿಲ್ಲ. ಮಗಳ ದನಿ ಮೊದಲ ಮಟ್ಟ ಏರುತ್ತಿದ್ದ ಹಾಗೆ ಅವನ ಕಾಲು ಚಪ್ಪಲಿ ಹುಡುಕುತ್ತದೆ. “ಹಾಲು ತರ್ತೀನಿ” ಅನ್ನುತ್ತಾನೆ. ಬೀದಿ ಸುತ್ತುತ್ತಾನೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಎಲ್ಲಿಗೋ ಹೊರಟವನ ಹಾಗೆ ಕೂರುತ್ತಾನೆ, ಸಾಕಷ್ಟು ಹೊತ್ತಾದ ಮೇಲೆ ಒಂದು ಪ್ಯಾಕೆಟ್ ಹಾಲು ಹಿಡಿದು ವಾಪಸು ಬರುತ್ತಾನೆ. ಕಾಲಿಗೆ ಬುದ್ಧಿ ಹೇಳುವುದು ಅನ್ನುತ್ತಾರೆ. ಅವನ ಕಾಲಿಗೆ ಹೇಳಬೇಕಾಗಿಯೇ ಇಲ್ಲ, ಅದೇ ಅವನಿಗೆ ಹೇಳುತ್ತದೆ. ಹೆಂಡತಿ ಈ ಬಗ್ಗೆ ಜಗಳ ತೆಗೆದವಳಲ್ಲ. ಮಿಕ್ಕ ಹಾಲನ್ನು ಮೆಟ್ಟಿಲ ಕೆಳಗಿನ ಬೆಕ್ಕಿಗೆ ಹಾಕುತ್ತಾಳೆ. ಬೆಕ್ಕು ಈಗ ನಡೆಯಲಾರದಷ್ಟು ದಪ್ಪವಾಗಿದೆ.

ಹೆಂಡತಿ ಬಟ್ಟೆಯಂಗಡಿಯೊಂದರಲ್ಲಿ ಪ್ಯಾಂಟಿನ ಉದ್ದ, ರವಿಕೆಯ ಅಗಲ ಸರಿಮಾಡಿ ಹೊಲಿದುಕೊಡುವವಳು. ಮಗಳನ್ನು ವಾರಕ್ಕೊಮ್ಮೆ ಚಿಕಿತ್ಸೆಗೆ ಕರೆದುಕೊಂಡು ಹೋಗುವುದೂ ಅವಳೇ. ಮಗುವಿನ ಸಿಟ್ಟಿಗೆ ಮಗುವಿಗಷ್ಟೇ ಮದ್ದು ಕೊಟ್ಟರೆ ಆಗುವುದಿಲ್ಲ, ಮನೆಯವರೆಲ್ಲ ಕೂಡಿ ಕಲಿಯಬೇಕು ಎಂದು ಅಲ್ಲಿನ ಮೇಡಂ ಮೊದಲಿನಿಂದ ಹೇಳುತ್ತಿದ್ದರಂತೆ. ಅವನು ಎರಡು ಸಲ ಹೋಗಿ, ಹೆಂಡತಿಯ ಪಕ್ಕ ಕೂತು, ತಲೆಯಾಡಿಸಿ ಬಂದಿದ್ದ. ಹೋದ ವಾರ ಅವಳು ಬಂದವಳೇ ಚೀಲ ಕೆಳಗಿಟ್ಟು, “ಮುಂದಿನ ಸಲ ಅಪ್ಪ ಮಾತ್ರ ಬರಲಿ ಅಂದಿದ್ದಾರೆ” ಅಂದಳು.

“ನೀನೂ ಇರ್ತೀಯಲ್ಲ?”

“ಮಾತ್ರ ಅಂದ್ರೆ ಏನ್ರೀ ಅರ್ಥ?” ಅಂದು ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು. ಅದು ತನ್ನ ಪಾಲಿಗೆ ಬಂದದ್ದು ಹೀಗೆ ಎಂದು ಅವನಿಗೆ ಬೇಜಾರಾಯಿತು. ಅವಳ ಮಣಿಕಟ್ಟಿನ ಮೇಲೆ ಮಗಳ ಹಲ್ಲಿನ ಗುರುತು, ಎರಡು ಸಾಲು, ಅಂಗಡಿಯ ಹೊಲಿಗೆಯಷ್ಟೇ ಅಚ್ಚುಕಟ್ಟು. ಅವಳು ಅದನ್ನು ತೋಳಿನ ತುದಿ ಎಳೆದು ಮುಚ್ಚಿಕೊಂಡಳು.

ಅವಳಿಗೆ ಹೇಳದ ಮಾತೊಂದು ಅವನ ಹತ್ತಿರ ಇತ್ತು. ಅವನ ಅಕ್ಕ ಫೋನು ಮಾಡಿ, “ಹೆತ್ತವರ ಮುಂದೆ ಆಡೋ ಆಟ ಬೇರೆಯವರ ಮುಂದೆ ಆಡಲ್ಲ ಕಣೋ. ಒಂದು ವರ್ಷ ಹಾಸ್ಟೆಲ್‌ಗೆ ಬಿಟ್ಟು ನೋಡು, ತಾನಾಗಿ ತಗ್ತಾಳೆ” ಅಂದಿದ್ದಳು; ವಿಳಾಸವನ್ನೂ ಕೊಟ್ಟಿದ್ದಳು. ಅವನು ಕಿಟಕಿಯ ಅಳತೆ ತೆಗೆಯಲು ಹೋಗುತ್ತೇನೆಂದು ಅಂಗಡಿಯಲ್ಲಿ ಸುಳ್ಳು ಹೇಳಿ ಹೋಗಿ ನೋಡಿದ್ದ. ಉದ್ದನೆಯ ಕೋಣೆ, ಸಾಲು ಮಂಚ, ಮೂಲೆ ಮಡಿಸಿದ ಹೊದಿಕೆಗಳು, ಕಿಟಕಿಯಾಚೆ ಒಂದು ಮರ. ಮಕ್ಕಳು ಪಾಠದಲ್ಲಿದ್ದರು. ಅಂಥ ಮೌನವನ್ನು ಅವನು ಕೇಳಿ ಎಷ್ಟು ಕಾಲವಾಗಿತ್ತೆಂದರೆ ಮಂಚವೊಂದರ ಮೇಲೆ ಕೂತುಬಿಟ್ಟ. ಮೇಲ್ವಿಚಾರಕ, “ಗಟ್ಟಿ ಇದೆ ಸಾರ್, ಅಲ್ಲಾಡಲ್ಲ” ಅಂದ. ಮಗಳನ್ನು ಕರೆತರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಂಡತಿಯ ಬಾಯಿಂದಲೇ ಆ ಮಾತು ಬರಲಿ ಎಂದು ಅಂದಿನಿಂದ ಕಾಯುತ್ತಿದ್ದ.

ಕನ್ನಡಿ ಸೀಳಿದ ದಿನವೇ ಆ ಸರದಿ. ಶಾಲೆಯ ಗೇಟಿನಲ್ಲಿ ಟೀಚರು ಹುಡುಗಿಯ ಕೈಯನ್ನು ಅವನ ಕೈಗೆ ದಾಟಿಸಿ, “ಇವತ್ತು ಪರವಾಗಿಲ್ಲ” ಅಂದರು. ಮೋಡ ನೋಡಿ ಹೇಳುವ ಹಾಗೆ. ಮೆಣಸು, “ಅಮ್ಮ ಎಲ್ಲಿ?” ಅಂದಳು. ಅವನು, “ಇವತ್ತು ನಾನು” ಅಂದ. ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದಳು. ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ಅವನ ಮುಷ್ಟಿಯಲ್ಲಿ ಅದು ಯಾರೋ ಮರೆತುಹೋದ ವಸ್ತುವಿನಂತೆ ಇತ್ತು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಕಿಟಕಿ ಸೀಟು ಅವಳದು. ಅಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಅವನು ಮೊದಲು ನೋಡಿದ್ದು ಮಗಳ ಕಿವಿಯ ತುದಿ. ಅದು ಕೆಂಪಾಗುತ್ತದೆ, ಆಮೇಲೆ ಅವಳು ರೆಪ್ಪೆ ಬಡಿಯುವುದನ್ನು ನಿಲ್ಲಿಸುತ್ತಾಳೆ, ಆಮೇಲೆ ಏನು ಮಾಡಿದರೂ ಅಷ್ಟೇ. “ಅದು ನಂದು!” ಎಂದು ಶುರುವಾದದ್ದು ಮಾತಿಲ್ಲದ ಕಿರುಚಾಟವಾಗಿ, ಅವಳು ಬಸ್ಸಿನ ನಡುದಾರಿಯಲ್ಲಿ ಬಿದ್ದು ಕಾಲು ಬಡಿಯತೊಡಗಿದಳು. ಯಾರೋ, “ನಾಲ್ಕು ಬಿಟ್ಟಿದ್ರೆ ಸರಿಹೋಗ್ತಿತ್ತು” ಅಂದರು. ಇನ್ಯಾರೋ, “ತಲೆ ಮೇಲೆ ಕೂರಿಸ್ಕೊಂಡ್ರೆ ಇನ್ನೇನಾಗುತ್ತೆ.” ಆಗ ಅವನು ಮಾಡಿದ್ದು ಅವನಿಗೇ ಆಮೇಲೆ ನಂಬಿಕೆಯಾಗಲಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಸರಿದು ಬೇರೊಂದು ಕಂಬ ಹಿಡಿದುಕೊಂಡ, ಎಲ್ಲರಂತೆ ತಾನೂ ನೋಡುತ್ತಿರುವವನ ಹಾಗೆ. ಎಷ್ಟು ಹೊತ್ತು? ಬಸ್ಸು ಒಂದು ತಿರುವು ತಿರುಗುವಷ್ಟು. ಆ ಹೆಂಗಸು ಎದ್ದು, “ಬಾರಮ್ಮ, ಕೂತ್ಕೋ” ಅಂದಾಗ ಮುಂದೆ ಬಂದು, ಕೈಮುಗಿದು, ಕ್ಷಮಿಸಿ ಕ್ಷಮಿಸಿ ಎಂದು ಅವರಿಗೇ ಮುಜುಗರವಾಗುವಷ್ಟು ಸಲ ಹೇಳಿದ. ಮೆಣಸು ಕೂತು, ಏನೂ ಆಗದವಳ ಹಾಗೆ ಹೊರಗೆ ನೋಡತೊಡಗಿದಳು. ಬೇರೆ ಕಂಬ ಹಿಡಿದದ್ದನ್ನು ಅವಳು ನೋಡಿರಲಿಕ್ಕಿಲ್ಲ ಅಂದುಕೊಂಡ. ನೋಡಿರಬಹುದು ಅಂತಲೂ ಅಂದುಕೊಂಡ.

ಚಿಕಿತ್ಸೆಯ ಕೋಣೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೇಡಂ ಅವನು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕವರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಮಧ್ಯಾಹ್ನದ ಊಟಕ್ಕೆ ಬದಲು ಬಿಸ್ಕತ್ತು ತಿನ್ನುತ್ತಿದ್ದರು. ಅವರ ಕಣ್ಣ ಕೆಳಗೂ ದಣಿವಿತ್ತು. ಅದನ್ನು ಕಂಡು ಅವನಿಗೆ ಸ್ವಲ್ಪ ಧೈರ್ಯ ಬಂತು. ಕಿವಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಯಂತ್ರವೊಂದನ್ನು ಕೊಟ್ಟು, ನೀವು ಒಳಗೆ ಮಗಳ ಜೊತೆ ಆಟ ಆಡಿ, ನಾನು ಕನ್ನಡಿಯ ಹಿಂದಿನಿಂದ ನೋಡುತ್ತ ನಿಮ್ಮ ಕಿವಿಯಲ್ಲಿ ಹೇಳಿಕೊಡುತ್ತೇನೆ ಅಂದರು. ಗೋಡೆಯಲ್ಲಿ ಅಗಲವಾದ ಕನ್ನಡಿಯಿತ್ತು. ಅವನಿಗೆ ಅಂಥದ್ದು ಗೊತ್ತು. ತೆಳುವಾಗಿ ಲೇಪ ಕೊಟ್ಟದ್ದು, ಆ ಕಡೆ ಕತ್ತಲಿದ್ದರೆ ಮಾತ್ರ ಈ ಕಡೆಗೆ ಕನ್ನಡಿ.

“ನೀವು ಕತ್ತಲಲ್ಲೇ ಕೂತಿರಬೇಕಲ್ಲ ಮೇಡಂ.”

“ಇಡೀ ದಿನ” ಅಂದರು ಅವರು. “ಮನೆಗೆ ಹೋದ್ರೂ ದೀಪ ಹಾಕೋದು ಮರೆತುಹೋಗುತ್ತೆ.”

ಅಪ್ಪ ಮಗಳು ಒಳಗೆ ಹೋಗಿ ಬಾಗಿಲ ಬಳಿ ಚಪ್ಪಲಿ ಬಿಟ್ಟರು. ನೆಲಕ್ಕೆ ಹಾಸು, ಒಂದು ಡಬ್ಬಿ ತುಂಬ ಬಣ್ಣದ ಮರದ ತುಂಡುಗಳು. ಮೆಣಸು ಕನ್ನಡಿಗೆ ಕೈಬೀಸಿ ಕೂತಳು, ಡಬ್ಬಿ ಬೋರಲು ಹಾಕಿದಳು. ಅವನು ಕಷ್ಟಪಟ್ಟು ಮಂಡಿ ಮಡಿಸಿ ಎದುರು ಕೂತ. “ಏನು ಮಾಡ್ತಿದೀಯ?” ಅಂದ.

ಕಿವಿಯಲ್ಲಿ ದನಿ: “ಅದು ಪ್ರಶ್ನೆ. ಪ್ರಶ್ನೆ ಬೇಡ. ಅವಳು ಮಾಡ್ತಿರೋದನ್ನ ಸುಮ್ನೆ ಹೇಳಿ.”

“ಮನೆ ಕಟ್ತಿದೀಯಾ?”

“ಅದೂ ಪ್ರಶ್ನೆನೇ.”

ಅವನು ಬಾಯಿ ಮುಚ್ಚಿದ. ಪ್ರಶ್ನೆ ಬಿಟ್ಟರೆ ಮಗಳ ಜೊತೆ ತಾನು ಏನು ಮಾತಾಡಿದ್ದೇನೆ ಎಂದು ನೆನೆದುಕೊಂಡರೆ ಸಿಕ್ಕಿದ್ದೂ ಪ್ರಶ್ನೆಗಳೇ: ಊಟ ಆಯ್ತಾ, ಹೋಂವರ್ಕ್ ಆಯ್ತಾ, ಅಮ್ಮ ಎಲ್ಲಿ, ಯಾಕೆ ಹೀಗೆ ಮಾಡ್ತೀಯ, ನಿನಗೇನು ಕಮ್ಮಿಯಾಗಿದೆ. ಅವನಪ್ಪ ಅವನನ್ನು ಕೇಳಿದ್ದೂ ಅಷ್ಟೇ. ಉತ್ತರಕ್ಕೆ ಕಾಯುತ್ತಿರಲಿಲ್ಲ, ಕೇಳುತ್ತಲೇ ಪೇಪರಿನ ಪುಟ ತಿರುವುತ್ತಿದ್ದ. ಮೆಣಸಿನ ಕೈ ಕೆಂಪು ತುಂಡನ್ನು ಹುಡುಕುತ್ತಿತ್ತು. ಅಂಗೈಯ ಗಾಯದ ಗೆರೆ ಬೆಳ್ಳಗೆ ಮಿಂಚಿತು. “ನೀನು ಕೆಂಪು ತುಂಡನ್ನ ನೀಲಿ ಮೇಲೆ ಇಡ್ತಿದೀಯ” ಅಂದ, ರೇಡಿಯೋದಲ್ಲಿ ಪಂದ್ಯದ ವಿವರ ಹೇಳುವವನ ಹಾಗೆ. “ಈಗ ಹಸಿರು ತಗೊಂಡೆ. ಬೇಡ ಅಂತ ಬಿಟ್ಟೆ.”

ಮೆಣಸು ತಲೆಯೆತ್ತಿ, “ನಿಂಗೇನಾಯ್ತು?” ಅಂದಳು.

ಕಿವಿಯಲ್ಲಿ ಮೇಡಂ ನಕ್ಕದ್ದು ಕೇಳಿಸಿತು. “ಚೆನ್ನಾಗಿದೆ. ಮುಂದುವರಿಸಿ.” ಅವನು ಮುಂದುವರಿಸಿದ. ಸ್ವಲ್ಪ ಹೊತ್ತಿಗೆ ನಾಚಿಕೆ ಹೋಯಿತು. ಆಮೇಲೆ ಒಂದು ವಿಚಿತ್ರ. ಹೇಳಬೇಕಾದರೆ ನೋಡಬೇಕಾಗಿತ್ತು, ನೋಡುತ್ತ ಹೋದರೆ ಅವಳು ಕಾಣುತ್ತಿದ್ದಳು. ತುಂಡು ಇಡುವ ಮುಂಚೆ ಅವಳು ಕೆಳತುಟಿ ಒಳಗೆಳೆದುಕೊಳ್ಳುತ್ತಾಳೆ. ಅಂಚಿಗೆ ಅಂಚು ಕೂಡದಿದ್ದರೆ ತೆಗೆದು ಮತ್ತೆ ಇಡುತ್ತಾಳೆ. ಇದು ಯಾರ ಚಾಳಿ ಎಂದು ಕೇಳಿದ್ದರೆ ಅವನ ಅಂಗಡಿಯವರು ನಿಸ್ಸಂಶಯವಾಗಿ ಹೇಳುತ್ತಿದ್ದರು.

ಆಟ ಮುಗಿಸಿ ತುಂಡುಗಳನ್ನು ಡಬ್ಬಿಗೆ ಹಾಕಲು ಹೇಳುವ ಹೊತ್ತು ಬಂತು. ಇದೇ ಕಷ್ಟದ್ದು, ಸಮಾಧಾನವಾಗಿ ಒಂದೇ ಸಲ ಹೇಳಿ ಎಂದು ದನಿ ಎಚ್ಚರಿಸಿತು. ಅವನು ಹೇಳಿದ. ಕಿವಿಯ ತುದಿ ಕೆಂಪಾಯಿತು. ರೆಪ್ಪೆ ನಿಂತಿತು. ಕಟ್ಟಿದ್ದನ್ನು ಅವಳು ಒದ್ದಳು, ಒಂದು ತುಂಡು ಹಾರಿ ಅವನ ಹುಬ್ಬಿಗೆ ಬಡಿಯಿತು. ಅವನ ಮೈ ಎದ್ದು ನಿಂತಿತು, ಅವನು ಎಬ್ಬಿಸದೆಯೇ. ಮೆಣಸು ಅದನ್ನು ಕಂಡಳು. ಓಡಿಹೋಗಿ ಬಾಗಿಲು ಹಾರುಹೊಡೆದು ತೆಗೆದಳು. “ಹೋಗು! ಹಾಲು ತಗೊಂಡ್ಬಾ, ಹೋಗು!” ಅವನ ಚಪ್ಪಲಿಗಳನ್ನು ಎತ್ತಿ ಒಂದೊಂದಾಗಿ ಹೊರಗೆ ಎಸೆದಳು. ಒಂದು ಕಾಯುವವರ ಕುರ್ಚಿಯ ಕಾಲಿಗೆ ತಾಗಿದ ಸದ್ದು ಕೇಳಿಸಿತು. ಅಲ್ಲಿ ಕೂತಿದ್ದವರು ಬಗ್ಗಿ ನೋಡಿದರು.

ಕಿವಿಯಲ್ಲಿ ಏನೂ ಇರಲಿಲ್ಲ. ಸಣ್ಣ ಸುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಅವನು ಕನ್ನಡಿಯ ಕಡೆ ನೋಡಿದ. ಹುಬ್ಬಿನ ಮೇಲೆ ರಕ್ತದ ಬೊಟ್ಟು, ಬರಿಗಾಲು, ನಡುವಯಸ್ಸಿನ ಒಬ್ಬ ಮನುಷ್ಯ. ಮಗಳಿಗೆ ಗೊತ್ತಿತ್ತು. ಹಾಲು ಎಂದರೇನೆಂದು ಹೆಂಡತಿಗೆ ಗೊತ್ತಿತ್ತು, ಬೆಕ್ಕಿಗೆ ಗೊತ್ತಿತ್ತು, ಈ ಎಂಟು ವರ್ಷದವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲ ಅಂದುಕೊಂಡವನು ಅವನೊಬ್ಬನೇ. ಬಾಗಿಲು ತೆರೆದೇ ಇತ್ತು, ಹೋಗುವುದು ಎಷ್ಟು ಸುಲಭ ಎನ್ನುವುದು ಅವನ ಮೊಣಕಾಲಿಗೆ ಗೊತ್ತಿತ್ತು. ಅವನು ಕೂತ. ಕೂರುವುದಕ್ಕೆ ಗಾಜು ಹೊರುವಷ್ಟು ಬಲ ಬೇಕಾಯಿತು. ಏನು ಹೇಳಬೇಕೋ ತಿಳಿಯದೆ, ಅಷ್ಟು ಹೊತ್ತು ಕಲಿತದ್ದನ್ನೇ ಹೇಳಿದ.

“ನೀನು ಬಾಗಿಲು ತೆಗೆದಿದೀಯ” ಅಂದ. “ಚಪ್ಪಲಿ ಎಸೆದಿದೀಯ.” ಹುಬ್ಬಿನ ರಕ್ತ ಒರೆಸಿಕೊಂಡ. “ನಾನು ಹೋಗ್ತೀನಿ ಅಂದ್ಕೊಂಡಿದೀಯ. ದಿನಾ ಹೋಗ್ತೀನಲ್ಲ.”

ಅವಳು ಕಿರುಚಿದಳು, ಇನ್ನೂ ಜೋರಾಗಿ. ಅವನು ಕೂತೇ ಇದ್ದ. ಮಗಳ ಸಿಟ್ಟಿನ ಕೊನೆ ಹೇಗಿರುತ್ತದೆ ಎಂದು ಅವನು ಯಾವತ್ತೂ ನೋಡಿರಲಿಲ್ಲ. ಶುರು ಗೊತ್ತಿತ್ತು, ಮುಗಿದ ಮೇಲಿನದು ಗೊತ್ತಿತ್ತು. ನಡುವೆ ಇಷ್ಟು ಉದ್ದ ಇದೆ, ಇದರ ಒಳಗೆ ಹೆಂಡತಿ ಒಬ್ಬಳೇ ಕೂತಿರುತ್ತಾಳೆ ಎಂದು ಗೊತ್ತಿರಲಿಲ್ಲ. ಕಿರುಚಾಟ ಅಳುವಾಯಿತು, ಅಳು ಬಿಕ್ಕಾಯಿತು. ಕೊನೆಗೆ ಅವಳು ಕಾಲಿನಿಂದ ಬಾಗಿಲನ್ನು ಒದ್ದು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ಈಗ ಯಾರೂ ಹೊರಗೆ ಹೋಗುವ ಹಾಗಿರಲಿಲ್ಲ.

ಆಮೇಲೆ, ಅವಳು ಹೊರಗೆ ಕಾಗದದ ಮೇಲೆ ಬಣ್ಣ ಗೀಚುತ್ತಿದ್ದಾಗ, ಮೇಡಂ ಅವನ ಹುಬ್ಬಿಗೆ ಹತ್ತಿ ಒತ್ತಿಕೊಳ್ಳಲು ಕೊಟ್ಟರು. ಹೊಗಳಲಿಲ್ಲ. ಆ ಹೊತ್ತಿನಲ್ಲಿ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ. “ಅವಳು ಮಾತಾಡಿದ್ದು ನಿಮ್ಮ ಹತ್ರ, ನನ್ನ ಹತ್ರ ಅಲ್ಲ” ಅಂದರು. ಹಾಗೆಂದದ್ದೇ ತಡ, ಹಾಸ್ಟೆಲಿನ ಮಾತು ಅವನ ಬಾಯಿಂದ ತಾನಾಗಿ ಹೊರಬಿತ್ತು. ಬೈಗುಳಕ್ಕೆ ಕಾದ. ಅವರು, “ಹೇಗಿತ್ತು ಆ ಜಾಗ?” ಅಂದರು.

“ಚೆನ್ನಾಗಿತ್ತು. ಸದ್ದೇ ಇರ್ಲಿಲ್ಲ. ಒಂದು ಮಂಚದ ಮೇಲೆ ಕೂತೆ ಮೇಡಂ, ಎದ್ದು ಬರೋಕೆ ಮನಸ್ಸಾಗ್ಲಿಲ್ಲ.”

“ಹಾಗಾದ್ರೆ ಸೇರಿಸಬೇಕಾಗಿರೋದು ನಿಮ್ಮನ್ನ.”

ಅವನು ನಕ್ಕ. ನಗು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿಲ್ಲ. ಹತ್ತಿಯನ್ನು ಹುಬ್ಬಿನಿಂದ ಕಣ್ಣಿಗೆ ಒತ್ತಿಕೊಳ್ಳಬೇಕಾಯಿತು. ಮೇಡಂ ಕಿಟಕಿಯ ಕಡೆ ನೋಡುತ್ತ, “ಇದು ಬೇಗ ಆಗೋ ಕೆಲಸ ಅಲ್ಲ” ಅಂದರು. “ಇನ್ನು ಸ್ವಲ್ಪ ದಿನ ಜಾಸ್ತೀನೇ ಆಗಬಹುದು. ನಿಜವಾಗ್ಲೂ ಇರ್ತೀರಾ ಅಂತ ಪರೀಕ್ಷೆ ಮಾಡ್ತಾಳೆ. ಮನೆಯವರಿಗೆ ಹೇಳಿದೀರಾ, ಹಾಸ್ಟೆಲ್ ವಿಷಯ?”

“ಇಲ್ಲ.”

“ಹೇಳಿ.”

ಮೆಟ್ಟಿಲ ತಿರುವಿನಲ್ಲಿ ನಿಂತು ಹೆಂಡತಿಗೆ ಫೋನು ಮಾಡಿದ. ಮೆಣಸು ಕೆಳಗಿನ ಮೆಟ್ಟಿಲ ಮೇಲೆ ಕೂತು ತನ್ನ ಚಿತ್ರ ನೋಡಿಕೊಳ್ಳುತ್ತಿದ್ದಳು. ಹೇಳಿದ್ದು ಒಂದಕ್ಕೊಂದು ಕೂಡದ ತುಂಡು ಮಾತುಗಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಗೊತ್ತು” ಅಂದಳು ಅವಳು. “ಅತ್ತಿಗೆ ನನಗೂ ಫೋನ್ ಮಾಡಿದ್ರು. ನಾನೂ ಹೋಗಿ ನೋಡ್ಕೊಂಡು ಬಂದೆ.” ಆಮೇಲೆ, “ಮಂಚಗಳು ಚೆನ್ನಾಗಿದ್ವು, ಅಲ್ವಾ?”

ಎರಡು ಬೇರೆ ಬೇರೆ ದಿನ, ಒಬ್ಬರಿಗೊಬ್ಬರು ಕದ್ದು, ಅದೇ ಕೋಣೆಯ ಬಾಗಿಲಲ್ಲಿ ನಿಂತವರು. ಇಷ್ಟು ವರ್ಷದಲ್ಲಿ ತಾವಿಬ್ಬರೂ ಜೊತೆಯಾಗಿ ಮಾಡಿದ ಕೆಲಸ ಇದೊಂದೇ ಇರಬೇಕು ಅನಿಸಿತು.

“ಬೇಡ” ಅಂದ ಕೊನೆಗೆ. “ಅವಳು ಬರಲ್ಲ ಅಂತ ನಾನೇ ಹಾಸ್ಟೆಲಿನವರಿಗೆ ಹೇಳ್ತೀನಿ.”

“ನೀವೇ ಹೇಳ್ತೀರಾ?”

“ಹೂಂ.”

“ಹಾಗಾದ್ರೆ ನಾಳೆ ನಾನು ಮನೆಗೆ ಬರಲ್ಲ. ತಂಗಿ ಮನೆಗೆ ಹೋಗ್ತೀನಿ. ಕೋಪಕ್ಕಲ್ಲ ರೀ, ಮಲ್ಕೊಳ್ಳೋಕೆ. ಬರೀ ಮಲ್ಕೊಳ್ಳೋಕೆ.”

“ಹೂಂ” ಅಂದ. ಮಗಳೂ ತಾನೂ ಇಬ್ಬರೇ ಇರುವ ನಾಳೆಯ ಸಂಜೆ ಕಣ್ಣ ಮುಂದೆ ಬಂತು. “ಹೋಗಿ ಬಾ.”

ವಾಪಸು ಬಸ್ಸಿನಲ್ಲಿ ಮೆಣಸು ನಿದ್ದೆ ಹೋದಳು, ತಲೆ ಅವನ ತೋಳಿನ ಮೇಲೆ. ಅಷ್ಟು ಭಾರ ಇರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ತಮ್ಮ ನಿಲ್ದಾಣ ಬಂತು, ಹೋಯಿತು. ಎಬ್ಬಿಸದೆ ಕೂತದ್ದು ಹೆದರಿಕೆಗೋ ಆಸೆಗೋ ಬಗೆಹರಿಯಲಿಲ್ಲ. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ತಟ್ಟಿ ಇಳಿಸಿದ. ಬಂದ ದಾರಿಯಲ್ಲೇ ನಡೆಯಬೇಕಾಯಿತು. ಬಿಸಿಲು ಇಳಿದಿತ್ತು, ಅಂಗಡಿಗಳ ಮುಂದೆ ನೀರು ಚಿಮುಕಿಸುತ್ತಿದ್ದರು. ಸ್ವಲ್ಪ ದೂರ ನಡೆದವಳೇ ಅವಳು ನಿಂತುಬಿಟ್ಟಳು. ಇದು ನಮ್ಮ ದಾರಿಯಲ್ಲ, ನೀನು ತಪ್ಪು ದಾರಿಯಲ್ಲಿ ಕರೆದುಕೊಂಡು ಬಂದೆ, ಕಾಲು ನೋಯುತ್ತದೆ, ಅಮ್ಮ ಬೇಕು. ಎಲ್ಲವೂ ನಿಜವಾಗಿತ್ತು. ಪಾದಚಾರಿ ಕಟ್ಟೆಯ ಮೇಲೆ ಕೂತು, ಹಿಮ್ಮಡಿಯಿಂದ ಕಲ್ಲು ಬಡಿಯುತ್ತ ಅತ್ತಳು. ಅವನಿಗೆ ಹೇಳಿಕೊಡಲು ಕಿವಿಯಲ್ಲಿ ಯಾರೂ ಇರಲಿಲ್ಲ. ಮಾತಾಡುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅವಳ ಪಕ್ಕ, ಒದೆ ತಾಗದಷ್ಟು ದೂರದಲ್ಲಿ, ಒಂದು ಕಾಲು ಮಡಿಸಿ ಅದರ ಮೇಲೆ ಕೂತ.

ತರಕಾರಿ ಚೀಲದ ಹೆಂಗಸೊಬ್ಬಳು ನಿಂತು, ಹುಬ್ಬಿನ ಗಾಯವನ್ನೂ ಹುಡುಗಿಯನ್ನೂ ಅನುಮಾನದಿಂದ ನೋಡಿ, “ಮಗು ನಿಮ್ದೇನಾ?” ಅಂದಳು.

“ನನ್ನ ಮಗಳು” ಅಂದ. “ಸುಸ್ತಾಗಿದೆ. ಇಬ್ಬರಿಗೂ.”

ಆ ಹೆಂಗಸು ಹೋದಳು. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು. ಹಿಮ್ಮಡಿಯ ಬಡಿತ ನಿಧಾನವಾಯಿತು, ಆಮೇಲೆ ನಿಂತಿತು. ಮೆಣಸು ತೋಳಿನಿಂದ ಮೂಗು ಒರೆಸಿಕೊಂಡು ಎದ್ದು ನಿಂತಳು.

“ಏಳು” ಅಂದಳು.

ಅವನು ಏಳಲು ಹೋದ. ಮಡಿಸಿದ ಕಾಲು ಪೂರ್ತಿ ಜೋಮು ಹಿಡಿದಿತ್ತು. ಯಾರದೋ ಕಾಲನ್ನು ತನ್ನ ಸೊಂಟಕ್ಕೆ ಕಟ್ಟಿದ ಹಾಗಿತ್ತು. “ಆಗ್ತಿಲ್ಲಮ್ಮ. ಜೋಮು ಹಿಡಿದಿದೆ.”

ಅವಳಿಗೆ ನಂಬಿಕೆಯಾಗಲಿಲ್ಲ. ಬಗ್ಗಿ ಅವನ ಪಾದವನ್ನು ಒಂದು ಬೆರಳಿನಿಂದ ತಿವಿದಳು. “ಅಯ್ಯಯ್ಯೋ!” ಎಂದು ಅವನು ಕಿರುಚಿದ. ನಿಜವಾಗಿಯೇ ಕಿರುಚಿದ, ಎದುರಿನ ಅಂಗಡಿಯವನು ತಿರುಗಿ ನೋಡುವಷ್ಟು. ಅವಳು ಇನ್ನೊಂದು ಸಲ ತಿವಿದು ನೋಡಿದಳು. ಅವನು ಮತ್ತೆ ಕಿರುಚಿದ. ಅವಳು ಗಂಭೀರವಾಗಿ ಕಾಲನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು, ಆಮೇಲೆ ಅವನ ಪಕ್ಕ, ಈ ಸಲ ಸ್ವಲ್ಪ ಹತ್ತಿರ, ಕಟ್ಟೆಯ ಮೇಲೆ ಕೂತಳು.

“ಸರಿ,” ಅಂದಳು, “ಜೋಮು ಹೋಗೋವರೆಗೂ ಕೂತಿರ್ತೀನಿ.”